ತಾರಸಿಯ ನಡುವಿನ ತಗ್ಗು

ಗಾರೆ ಕೆಲಸದವನು ನಾನು, ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ. ಜೊತೆಗೆ ದುಡಿಯುವ ನನ್ನ ತಮ್ಮನಿಗೆ ಚಿಕ್ಕಂದಿನಿಂದಲೂ ಒಂದು ನಂಬಿಕೆ: ನಕ್ಷತ್ರಗಳಾಚೆ ಯಾರೋ ಇದ್ದಾರೆ. ಆ ಮಾತೆತ್ತಿದರೆ ಸಾಕು, ಅವನ ಮುಖ ಅರಳುತ್ತಿತ್ತು.

ಅಂದು ಸಂಜೆ ತಾರಸಿಗೆ ಸಿಮೆಂಟ್ ಹಾಕಿ, ಕರಣೆಯಿಂದ ನುಣುಪು ಮಾಡುತ್ತಾ ಹಿಂದಕ್ಕೆ ಸರಿದು ಮೆಟ್ಟಿಲ ಬಾಗಿಲು ಸೇರಿದೆವು. ಆಗ ನಟ್ಟನಡುವೆ ಅಂಗೈಯಗಲದ ತಗ್ಗೊಂದು ಕಂಡಿತು. ಹಸಿ ಸಿಮೆಂಟ್ ತುಳಿದು ವಾಪಸ್ ಹೋಗುವಂತಿಲ್ಲ.

"ಬಿಡಣ್ಣ, ಮೇಲಿನವರು ಬಂದು ಸರಿಮಾಡ್ತಾರೆ," ಎಂದು ತಮ್ಮ ನನಗಷ್ಟೇ ಕೇಳುವಂತೆ ಮೆಲ್ಲಗೆ ಹೇಳಿ ನಕ್ಕ.

"ನಿಮ್ಮೋರಿಗೆ ಕರಣೆ ಹಿಡಿಯೋಕೆ ಬರುತ್ತೇನೋ?" ಎಂದು ರೇಗಿಸಿದೆ. ಬಾಗಿಲಿಗೆ ಬೀಗ ಹಾಕಿ ಕೀಲಿ ನಾನೇ ಇಟ್ಟುಕೊಂಡೆ.

ಬೆಳಿಗ್ಗೆ ನೋಡಿದರೆ ತಗ್ಗು ಇರಲಿಲ್ಲ. ಎಲ್ಲೂ ಒಂದು ಹೆಜ್ಜೆ ಗುರುತೂ ಇಲ್ಲ. ಆ ಜಾಗದಲ್ಲಿ ಮಾತ್ರ ಕರಣೆಯ ಗೀರುಗಳು ಎಡಗೈಯವರು ಎಳೆದಂತೆ ತಿರುಗಿದ್ದವು. ನಾವಿಬ್ಬರೂ ಬಲಗೈಯವರು.

ಕುಣಿದಾಡುತ್ತಾನೆ ಅಂದುಕೊಂಡರೆ, ತಮ್ಮನ ಮುಖ ಬಿಳಿಚಿಕೊಂಡಿತ್ತು.

"ಅಣ್ಣಾ, ನಾನು ಅಷ್ಟು ಮೆಲ್ಲಗೆ ಅಂದಿದ್ದು ಅವರಿಗೆ ಹೇಗೆ ಕೇಳಿಸ್ತು?"

ಅಂದಿನಿಂದ ಅವನು ಆಕಾಶದ ಸುದ್ದಿ ಎತ್ತಿಲ್ಲ. ಆ ನಂಬಿಕೆ ಈಗ ನನಗೆ ಅಂಟಿಕೊಂಡಿದೆ. ಮಟಮಟ ಮಧ್ಯಾಹ್ನ ತಾರಸಿಯೆಲ್ಲ ಕಾದು ಕಾಲು ಸುಡುವಾಗಲೂ ಆ ಅಂಗೈಯಗಲದ ಜಾಗ ತಣ್ಣಗೇ ಇರುತ್ತದೆ.