ಮೂರನೆಯ ಭಾನುವಾರದ ತಕರಾರು

"ಆಟದ ವಿಷಯ ಮಾತಾಡಲಿಕ್ಕೆ ಮೊದಲು ಎರಡು ಕಾಲು ಸರಿ ಇರಬೇಕು. ಕುಂಟರನ್ನು ಇಲ್ಲಿ ಯಾರು ಕೇಳಿದರು?"

ಝೀಟಾ ಹಾಗೆ ಹೇಳಿಯೇ ಬಿಟ್ಟಳು! ಕಟ್ಟೆಯ ಮೇಲೆ ಕೂತಿದ್ದ ಇಪ್ಪತ್ತು ಮಂದಿ ಗೊಳ್ಳೆಂದು ನಕ್ಕರು.

ನಗದೇ ಇದ್ದವರು ಇಬ್ಬರೇ. ಒಬ್ಬ ಅವಳ ಅಣ್ಣ ಹೆರಾಲ್ಡ್, ಉದ್ಯಾವರ ಬಾಸ್ಕೆಟ್‌ಬಾಲ್ ಟೀಮಿನ ಕ್ಯಾಪ್ಟನ್. ಇನ್ನೊಬ್ಬ, ಕೋಲು ಊರಿಕೊಂಡು ನಿಂತಿದ್ದ ಆ ಅಪರಿಚಿತ.

ಅದು ೧೯೬೩ರ ಮೋಂತಿ ಹಬ್ಬದ ಭಾನುವಾರ, ಕ್ರಿಸ್ತಾನರ ತೆನೆಹಬ್ಬ. ಚರ್ಚಿನಲ್ಲಿ ಪೂಜೆ ಮುಗಿದಿತ್ತು. ಹೊಸ ತೆನೆ ಹಿಡಿದುಕೊಂಡು ಮನೆಗೆ ಹೋಗಿ ಹೊಸ ಅಕ್ಕಿಯ ಊಟ ಮಾಡಬೇಕಾದ ಜನ, ಇಗರ್ಜಿಯ ಎದುರಿನ ಮೈದಾನದಲ್ಲಿ ಕೂತು ಟೀಮಿನ ಜಾತಕ ಬಿಡಿಸುತ್ತಿದ್ದರು! ನಮ್ಮವರ ಹುಚ್ಚು ಅಂಥದ್ದು. ಈ ಹಬ್ಬದ ದಿನ ಕ್ರಿಸ್ತಾನರ ಮನೆಯಲ್ಲಿ ಮೀನು ಬೇಯುವುದಿಲ್ಲ. ಆದರೂ ಮೀನು ವ್ಯಾಪಾರಿ ಚೆನ್ನಪ್ಪ ಕಾಪುವಿನಿಂದ ಸೈಕಲ್ ತುಳಿದು ಬಂದಿದ್ದ, ಬರೀ ಮಾತಾಡಲಿಕ್ಕೆ.

"ನಮ್ಮ ಉದ್ದ ಆಂಟನಿ ಬೊಂಬಾಯಿಗೆ ಹೋದ ಮೇಲೆ ರಿಂಗಿನ ಕೆಳಗೆ ಹಾರುವವರು ಯಾರುಂಟು ಪೊರ್ಬುಗಳೇ?" ಎಂದು ಅಲ್ಲಿದ್ದ ಕ್ರಿಸ್ತಾನರನ್ನು ಕೇಳಿ ಅವನೇ ಶುರು ಮಾಡಿದ್ದು. "ನವೆಂಬರಿನಲ್ಲಿ ಮೊದಲ ಆಟವೇ ಕಾರ್ಕಳದವರ ಜೊತೆ. ಮಾನ ಹೋಗ್ತದೆ!"

"ಹೋಗುವುದಿಲ್ಲ," ಎಂದಳು ಮುದುಕಿ ಬರ್ತಾಬಾಯಿ. "ಅವರ ಸೆಂಟರಿನವನಿಗೆ ಜ್ವರ ಬರಲಿ ಅಂತ ನಾನು ಮೇಣದ ಬತ್ತಿ ಹಚ್ಚಿಸಿದ್ದೇನೆ."

ಆಗಲೇ ಆ ಅಪರಿಚಿತ ಹಿಂದಿನಿಂದ ಹೇಳಿದ್ದು, "ಜ್ವರ ಬಂದರೂ ನೀವು ಇಪ್ಪತ್ತು ಪಾಯಿಂಟಿನಲ್ಲಿ ಸೋಲ್ತೀರಿ. ನಿಮ್ಮಲ್ಲಿ ಬಾಯಿ ಉಂಟು, ಆಟ ಇಲ್ಲ."

ಅದಕ್ಕೇ ಝೀಟಾ ಉರಿದುಬಿದ್ದದ್ದು. ಇಪ್ಪತ್ತೆರಡು ವರ್ಷದ ಶಾಲೆ ಟೀಚರು. ಊರಿನ ಯಾವ ಗಂಡಸಿಗಿಂತಲೂ ಆಟ ಚೆನ್ನಾಗಿ ಗೊತ್ತಿದ್ದವಳು, ಬಾಯಿಗೆ ಬೀಗ ಇಲ್ಲದವಳು.

ಅವನು ಸಿಟ್ಟಾಗಲಿಲ್ಲ. ಅವಳನ್ನೇ ನೋಡಿದ. ಬಹಳ ಹೊತ್ತು ನೋಡಿದ.

ಅಷ್ಟರಲ್ಲಿ ಫಾದರ್ ಬಂದರು. "ಪರಿಚಯ ಆಯ್ತಾ? ಇವರು ಅಲೆಕ್ಸಾಂಡರ್. ಕಳೆದ ವರ್ಷ ಕಾರ್ಕಳದ ಏಳನೆಯ ನಂಬರಿನ ಆಟಗಾರ. ಈಗ ಮಣಿಪಾಲದಲ್ಲಿ ಪ್ರೆಸ್ಸಿನ ಕೆಲಸ. ಇನ್ನು ಪ್ರತಿ ಶನಿವಾರ, ಭಾನುವಾರ ನಮ್ಮ ಹುಡುಗರಿಗೆ ಆಟ ಕಲಿಸ್ತಾರೆ."

ಏಳನೆಯ ನಂಬರ್!

ಝೀಟಾಳ ಕೈಯ ತೆನೆ ಜಾರಿ ನೆಲಕ್ಕೆ ಬಿತ್ತು.

"ಓ, ಕಳೆದ ವರ್ಷ ದೊಪ್ಪೆಂದು ಬಿದ್ದವ!" ಎಂದು ಯಾರೋ ಕೂಗಿದರು. ಮತ್ತೆ ನಗೆ. ದೇವರೇ, ಜನ ಯಾವುದಕ್ಕೆಲ್ಲ ನಗುತ್ತಾರೆ!

ಕಳೆದ ವರ್ಷ ನಡೆದದ್ದು ಹೀಗೆ. ಕೊನೆಯ ನಿಮಿಷದಲ್ಲಿ ಕಾರ್ಕಳ ಒಂದು ಪಾಯಿಂಟ್ ಮುಂದಿತ್ತು. ಏಳನೆಯ ನಂಬರಿನವನು ಚೆಂಡು ಹಿಡಿದು ರಿಂಗಿನ ಕಡೆ ಓಡಿ ಬಂದ. ಹೆಂಗಸರು ನಿಂತ ಕಡೆಯಿಂದ ಒಂದು ಸ್ವರ ಕೊಂಕಣಿಯಲ್ಲಿ ಕಿರುಚಿತು, "ಹೆರಾಲ್ಡ್, ಕಾಲು ಮುರಿ ಅವನದ್ದು!" ಅವನು ಹಾರಿದ. ಹೆರಾಲ್ಡ್ ಅವನ ಅಡಿಗೆ ಕಾಲು ಕೊಟ್ಟ. ಮಂಡಿ ಮುರಿದ ಸದ್ದು ಮೈದಾನಕ್ಕೆಲ್ಲ ಕೇಳಿತು. ರೆಫರಿ ಅದನ್ನು ನೋಡಲಿಲ್ಲ. ಚೆಂಡು ಉದ್ಯಾವರಕ್ಕೆ ಸಿಕ್ಕಿತು, ಉದ್ಯಾವರ ಗೆದ್ದಿತು, ಪಟಾಕಿ ಹೊಡೆಯಿತು.

ಆ ಸ್ವರ ಝೀಟಾಳದ್ದು.

ನಾನು ನಿಮ್ಮಿಂದ ಮುಚ್ಚಿಡುವುದಿಲ್ಲ. ಅಲೆಕ್ಸಾಂಡರನಿಗೆ ಆ ಸ್ವರ ಗುರುತು ಸಿಕ್ಕಿಬಿಟ್ಟಿತ್ತು. ಆರು ತಿಂಗಳು ಆಸ್ಪತ್ರೆಯ ಮಂಚದಲ್ಲಿ ಮಲಗಿ ಕೇಳಿಸಿಕೊಂಡದ್ದು ಅದೊಂದೇ ಸ್ವರ. ಕುಂಟುವವನು ಬೆಂಚಿನಲ್ಲಿ ಕೂತರೂ ಅಪಶಕುನ ಎಂದು ಕಾರ್ಕಳದ ಕ್ಲಬ್ಬಿನವರು ಅವನನ್ನು ಹೊರಗೆ ಹಾಕಿದಾಗಲೂ ಕೇಳಿದ್ದು ಅದೇ. ಅವನಿಗೆ ಗೊತ್ತಾದದ್ದು ಮಾತ್ರ ಅವಳಿಗೆ ಗೊತ್ತಾಗಲಿಲ್ಲ.

'ಸಿಕ್ಕಿದಳು,' ಎಂದುಕೊಂಡ ಅವನು. 'ಇವಳ ಕಾಲು ಮುರಿಯುವುದಿಲ್ಲ. ಇವಳ ಮಾನ ಮುರಿಯುತ್ತೇನೆ.'

*

ಮರುದಿನದಿಂದ ಝೀಟಾಳಿಗೆ ಅನ್ನ ಸೇರಲಿಲ್ಲ.

"ಬಾಯಿ ಬಿಡಬೇಡ," ಎಂದು ಹೆರಾಲ್ಡ್ ಅಡುಗೆಮನೆಯಲ್ಲಿ ಪಿಸುಗುಟ್ಟಿದ. "ಜಾರಿ ಬಿದ್ದೆ ಅಂತಲೇ ಅವನು ತಿಳಿದಿರುವುದು. ಗೊತ್ತಾದರೆ ಫಾದರ್ ನನ್ನನ್ನು ಟೀಮಿನಿಂದ ತೆಗೀತಾರೆ."

"ನಿನಗೆ ಟೀಮಿನದ್ದೇ ಚಿಂತೆಯಾ ಅಣ್ಣ?"

"ಕೂಗಿದ್ದು ನಾನಲ್ಲ ಮಾರಾಯ್ತಿ!"

ಝೀಟಾ ಅನ್ನದ ತಟ್ಟೆಯನ್ನು ಹಾಗೆಯೇ ಬಿಟ್ಟು ಎದ್ದಳು.

ಶನಿವಾರ ಅವಳು ಮೈದಾನಕ್ಕೆ ಹೋಗಿ ಅಲೆಕ್ಸಾಂಡರನ ಎದುರು ನಿಂತಳು. "ಆ ದಿನ ಹಾಗೆ ಹೇಳಬಾರದಿತ್ತು. ತಪ್ಪಾಯ್ತು."

"ಎಂತ ತಪ್ಪು? ಕುಂಟನನ್ನು ಕುಂಟ ಅಂದಿರಿ," ಎಂದು ಅವನು ನಕ್ಕ. "ಅದು ಬಿಡಿ. ನಿಮಗೆ ಆಟ ಗೊತ್ತುಂಟಂತೆ. ಈ ಟೀಮಿನ ದೋಷ ಯಾವುದು, ಹೇಳಿ ನೋಡುವ."

ಹುಟ್ಟಿದ ಮೇಲೆ ಇದೇ ಮೊದಲು ಒಬ್ಬ ಗಂಡಸು ಅವಳನ್ನು ಆಟದ ವಿಷಯ ಕೇಳಿದ್ದು! ಅವಳು ಹೇಳಿದಳು. ಐವರೂ ಚೆಂಡಿನ ಹಿಂದೆಯೇ ಓಡುತ್ತಾರೆ, ಬಿಟ್ಟ ಜಾಗ ಕಾಯುವವರಿಲ್ಲ. ಹೆರಾಲ್ಡ್ ಎಡಗೈಯಲ್ಲಿ ಚೆಂಡು ಪುಟಿಸಲಾರ, ಅದು ಇಡೀ ಜಿಲ್ಲೆಗೆ ಗೊತ್ತು. ಅವನು ಪೂರ್ತಿ ಕೇಳಿದ. ಸಂಜೆ ಹುಡುಗರನ್ನು ಅವಳು ಹೇಳಿದ ಹಾಗೆಯೇ ನಿಲ್ಲಿಸಿದ.

ಕಾಪುವಿನ ಟೀಮಿನೆದುರು ಅಭ್ಯಾಸದ ಆಟದಲ್ಲಿ ಉದ್ಯಾವರ ಮೂವತ್ತನಾಲ್ಕು–ಇಪ್ಪತ್ತೊಂಬತ್ತರಲ್ಲಿ ಗೆದ್ದಾಗ ಚೆನ್ನಪ್ಪ ತನ್ನ ಊರಿನವರೆದುರೇ ಕುಣಿದ.

"ಈ ಸಲ ಕಾರ್ಕಳದವರನ್ನು ಅರೆದು ಬಿಡ್ತೇವೆ ಮಾರಾಯ! ನೋಡು ಬೇಕಾದರೆ!"

ಅಲೆಕ್ಸಾಂಡರ್ ಗುಂಪನ್ನು ಬಿಟ್ಟು ಝೀಟಾಳ ಹತ್ತಿರ ಬಂದ. "ಗೆಲ್ಲಿಸಿದ್ದು ನೀವು. ಅವರಿಗೆ ಹೇಳಲಾ?"

"ಬೇಡ ಬೇಡ! ನಗ್ತಾರೆ."

"ನಗುವವರನ್ನು ನಾನು ನೋಡಿಕೊಳ್ತೇನೆ."

ಆ ಒಂದು ಮಾತಿಗೆ ಅವಳು ಸೋತಳು. ಪಾಪದ ಹುಡುಗಿ... ಬಲೆ ಎಂದು ಅವಳಿಗೇನು ಗೊತ್ತು?

ಅಕ್ಟೋಬರಿನಲ್ಲಿ ಅಲೆಕ್ಸಾಂಡರ್ ಹೆಣ್ಣು ಕೇಳಿದ. ಹೆರಾಲ್ಡ್ ಬಿಳಿಚಿಕೊಂಡ, ಆದರೆ ಬೇಡ ಎನ್ನಲು ಕಾರಣ ಹೇಳಬೇಕಲ್ಲ! ಮನೆಯವರು ಒಪ್ಪಿದರು. ಊರಿನ ಬಾಯಿ ಮಾತ್ರ ಸುಮ್ಮನಿರಲಿಲ್ಲ. "ಅಷ್ಟು ಚಂದದ ಹುಡುಗಿಗೆ ಮೂರು ಕಾಲಿನ ಗಂಡ," ಎಂದಳು ಬರ್ತಾಬಾಯಿ, ಅವನಿಗೆ ಕೇಳುವ ಹಾಗೆಯೇ.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಇಗರ್ಜಿಯಲ್ಲಿ ಗಂಡು ಹೆಣ್ಣಿನ ಹೆಸರು ಓದುತ್ತಾರೆ. ಈ ಮದುವೆಗೆ ಯಾರಿಗಾದರೂ ತಕರಾರು ಇದ್ದರೆ ಬಂದು ತಿಳಿಸಬೇಕು. ಮೂರನೆಯ ಸಲವೂ ಓದಿದ ಮೇಲೆ ಮದುವೆ ಮುರಿದರೆ ಆ ಹೆಣ್ಣನ್ನು ಮತ್ತೆ ಯಾರೂ ಕೇಳಿಕೊಂಡು ಬರುವುದಿಲ್ಲ. ಏನೋ ದೋಷ ಉಂಟು ಎಂದು ಸಾಯುವ ತನಕ ಆಡಿಕೊಳ್ಳುತ್ತಾರೆ.

ಅಲೆಕ್ಸಾಂಡರ್ ಕಾದದ್ದು ಅದಕ್ಕೇ! ಮೂರನೆಯ ಭಾನುವಾರ ನವೆಂಬರ್ ಹತ್ತು. ಅದೇ ಸಂಜೆ ಕಾರ್ಕಳದ ಜೊತೆ ಆಟ. ಎರಡೂ ಊರಿನವರು ಸೇರಿದ ಮೈದಾನದಲ್ಲಿ ನಿಂತು, ಇವಳು ನನಗೆ ಬೇಡ ಎಂದು ಹೇಳಿ ಹೊರಟು ಹೋಗಬೇಕು. ಅಷ್ಟೇ.

ಆದರೆ ಎರಡನೆಯ ಭಾನುವಾರದ ಹೊತ್ತಿಗೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಪ್ರೆಸ್ಸಿನಲ್ಲಿ ಪ್ರೂಫ್ ನೋಡುವಾಗ ಅವಳ ನಗು ನೆನಪಾಗುತ್ತಿತ್ತು. 'ಥೂ, ಏನಾಗಿದೆ ನನಗೆ!' ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದ.

*

ಮೂರನೆಯ ಭಾನುವಾರ ಬಂತು.

ಫಾದರ್ ಹೆಸರು ಓದಿದರು. ಇಗರ್ಜಿಯ ಹಿಂಬದಿಯಲ್ಲಿ ಅಲೆಕ್ಸಾಂಡರ್ ನಿಂತಿದ್ದ. ಪೂಜೆ ಮುಗಿಯಿತು. ಫಾದರ್ ಒಳಕೋಣೆಗೆ ಹೋಗಿ ಪೂಜೆಯ ಉಡುಪು ತೆಗೆಯುವಾಗ ಝೀಟಾ ಬಾಗಿಲಲ್ಲಿ ನಿಂತಳು.

"ಫಾದರ್, ಈ ಮದುವೆಗೆ ತಕರಾರು ಉಂಟು."

"ಯಾರದ್ದು ಮಗಾ?"

"ನನ್ನದೇ."

ಅವಳು ಎಲ್ಲವನ್ನೂ ಹೇಳಿದಳು. ಅವರು ಉಡುಪನ್ನು ಮಡಚಿಟ್ಟು ಹೇಳಿದರು, "ಇದು ಶಾಸ್ತ್ರದ ಪ್ರಕಾರ ಅಡ್ಡಿಯಲ್ಲ. ಹೆರಾಲ್ಡನ ವಿಷಯ ಇವತ್ತಿನ ಆಟ ಮುಗಿದ ಮೇಲೆ ನೋಡುವ. ಆದರೆ ನನಗೆ ಹೇಳಿ ಪ್ರಯೋಜನ ಇಲ್ಲ. ಹೊರಗೆ ನಿಂತಿದ್ದಾನಲ್ಲ, ಅವನಿಗೆ ಹೇಳು."

ಅವನು ಇಗರ್ಜಿಯ ಮೆಟ್ಟಿಲಿನ ಹತ್ತಿರ ಇದ್ದ. ಜನ ಇನ್ನೂ ಚದುರಿರಲಿಲ್ಲ. 'ಈಗ ಹೇಳದಿದ್ದರೆ ಇನ್ನೆಂದಿಗೂ ಹೇಳಲಾರೆ!' ಎಂದುಕೊಂಡು ಅವಳು ಹತ್ತಿರ ಹೋದಳು.

"ಆ ದಿನ ಕಾಲು ಮುರಿ ಅಂತ ಕೂಗಿದ್ದು ನಾನು."

"ಗೊತ್ತುಂಟು."

"ಗೊತ್ತು...?"

"ಮೊದಲ ದಿನವೇ ಸ್ವರ ಗುರುತಾಯ್ತು. ಕೂಗುವುದು ಎಲ್ಲ ಆಟದಲ್ಲೂ ಉಂಟು ಝೀಟಾ. ಬಾಯಿ ಜಾರ್ತದೆ. ನಾನು ಅದನ್ನು..." ಕ್ಷಮಿಸಿದ್ದೇನೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು.

"ನಿಲ್ಲಿ! ಅದು ಅಷ್ಟೇ ಅಲ್ಲ." ಅವಳು ಕೈ ಅಡ್ಡ ಹಿಡಿದಳು. "ನಾನು ಕೂಗಿದಾಗ ಅಣ್ಣ ಒಂದು ಕ್ಷಣ ನನ್ನ ಕಡೆ ನೋಡಿದ. ನಿಜವಾಗಿಯೂ ಹೇಳ್ತೀಯಾ ಅಂತ ಕೇಳುವ ಹಾಗೆ. ನಾನು... ನಾನು ಹೌದು ಅಂತ ತಲೆಯಾಡಿಸಿದೆ."

ಕೂಗಿದ್ದು ಅವನಿಗೆ ಗೊತ್ತಿತ್ತು. ತಲೆಯಾಡಿಸಿದ್ದು ಗೊತ್ತಿರಲಿಲ್ಲ.

ಅವನ ಮುಖ ಕಲ್ಲಾಯಿತು. ಕೋಲೂರಿಕೊಂಡು ಬಸ್ಸು ನಿಲ್ಲುವ ಕಡೆ ಹೊರಟು ಹೋದ.

ಅವಳು ಕರೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ಕರೆಯುವುದು?

*

ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿ. ಮದುಮಗಳೇ ತನ್ನ ಮದುವೆಗೆ ತಕರಾರು ಹೇಳಿದಳಂತೆ! ಗಂಡು ಬಿಟ್ಟು ಹೋದನಂತೆ!

ಸಂಜೆ ಆಟ ಶುರುವಾಯಿತು. ಕಲಿಸುವವನಿಲ್ಲದ ಉದ್ಯಾವರದ ಹುಡುಗರು ಮತ್ತೆ ಐವರೂ ಚೆಂಡಿನ ಹಿಂದೆಯೇ ಓಡಿದರು. ಹೆರಾಲ್ಡ್ ಎಡಗೈಗೆ ಬಂದ ಚೆಂಡನ್ನೆಲ್ಲ ಬಿಟ್ಟ. ಅರ್ಧ ಆಟಕ್ಕೆ ಕಾರ್ಕಳ ಇಪ್ಪತ್ತೇಳು, ಉದ್ಯಾವರ ಹನ್ನೆರಡು.

"ಎಲ್ಲ ಇವಳಿಂದ!" ಚೆನ್ನಪ್ಪ ತಲೆ ಚಚ್ಚಿಕೊಂಡ. "ಒಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಎಂತ ಗಂಟು ಹೋಗ್ತಿತ್ತು? ಆಟ ಮುಗಿದ ಮೇಲೆ ಹೇಳಬಹುದಿತ್ತಲ್ಲ!"

"ಇನ್ನು ಇವಳನ್ನು ಕನ್ಯಾಸ್ತ್ರೀಯರ ಮಠಕ್ಕೆ ಸೇರಿಸುವುದು ಒಳ್ಳೆಯದು," ಎಂದಳು ಬರ್ತಾಬಾಯಿ. "ಅಲ್ಲಿಯೂ ತೆಗೆದುಕೊಳ್ತಾರೋ ಇಲ್ಲವೋ!"

ಹೆಂಗಸರ ಕಡೆಯ ಕಟ್ಟೆಯಲ್ಲಿ ಝೀಟಾಳ ಎಡಕ್ಕೂ ಬಲಕ್ಕೂ ಯಾರೂ ಕೂರಲಿಲ್ಲ. ಅವಳು ಎದ್ದು ಹೋಗಲಿಲ್ಲ. 'ನೋಡುತ್ತೇನೆ. ಇಷ್ಟಾದರೂ ನಾನು ಅನುಭವಿಸಬೇಕು...'

ಆಗ ಜನರ ಗುಜುಗುಜು ಒಮ್ಮೆಲೇ ನಿಂತಿತು.

ಅಲೆಕ್ಸಾಂಡರ್ ಮೈದಾನದ ಅಂಚಿನಲ್ಲಿ ನಡೆದು ಬರುತ್ತಿದ್ದ. "ದ್ರೋಹಿ!" ಎಂದು ಕಾರ್ಕಳದವರು ಕೂಗಿದರು. "ಬಂದ ನೋಡಿ!" ಎಂದು ಉದ್ಯಾವರದವರು ಎದ್ದು ನಿಂತರು. ಅವನು ಟೀಮಿನ ಬೆಂಚಿಗೆ ಹೋಗಲಿಲ್ಲ. ಎಲ್ಲರ ಕಣ್ಣೆದುರು ಹೆಂಗಸರ ಕಟ್ಟೆಗೆ ಬಂದು ಝೀಟಾಳ ಪಕ್ಕದಲ್ಲಿ ಕೂತ!

"ಇವತ್ತು ಈ ಮೈದಾನದಲ್ಲಿ ನಿನ್ನನ್ನು ಬೇಡ ಅನ್ನಲಿಕ್ಕೆ ಅಂತಲೇ ನಾನು ಹೆಣ್ಣು ಕೇಳಿದ್ದು," ಎಂದ, ಅವಳನ್ನು ನೋಡದೆ. "ಮೂರು ಸಲ ಹೆಸರು ಓದಿಸಿ ಆಮೇಲೆ ಬಿಡುವುದು ಅಂತ. ನಿನಗೆ ಮತ್ತೆ ಯಾರೂ ಸಿಗಬಾರದು ಅಂತ. ನೀನು ತಲೆಯಾಡಿಸಿದ್ದು ಒಂದು ಕ್ಷಣ. ನಾನು ಇದನ್ನು ಎರಡು ತಿಂಗಳು ಕೂತು ಹೆಣೆದೆ."

ನಗುವವರನ್ನು ನೋಡಿಕೊಳ್ತೇನೆ ಅಂತ ಕಾಪುವಿನ ಆಟದ ದಿನ ಅವನು ಹೇಳಿದ ಮಾತು... ಅದೂ ಸುಳ್ಳೇ?

"ಎಲ್ಲವೂ ನಾಟಕವಾ?"

"ಶುರುವಿನಲ್ಲಿ ಹೌದು. ಯಾವ ದಿನ ನಾಟಕ ನಿಂತಿತು, ನನಗೇ ಗೊತ್ತಿಲ್ಲ."

"ಮತ್ತೆ ಹೋದದ್ದು ಯಾಕೆ? ಈಗ ಬಂದದ್ದು ಯಾಕೆ?"

"ಮಣಿಪಾಲದ ಬಸ್ಸು ಬಂತು. ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಬಿಟ್ಟೆ. ಹತ್ತಿದರೆ ನನ್ನ ಜೊತೆ ಬರುವುದು ಸಿಟ್ಟು ಒಂದೇ, ಬೇರೆ ಯಾರೂ ಇಲ್ಲ." ಅವನು ಈಗ ಅವಳ ಕಡೆ ತಿರುಗಿದ. "ಸುಮ್ಮನಿದ್ದಿದ್ದರೆ ನಿನಗೆ ಮದುವೆ ಆಗ್ತಿತ್ತು ಅಂತ ನೀನು ನಂಬಿದ್ದೆ. ಆದರೂ ಹೇಳಿದೆ. ನಿನ್ನ ಜಾಗದಲ್ಲಿ ನಾನಾಗಿದ್ದರೆ ಹೇಳ್ತಿರಲಿಲ್ಲ ಝೀಟಾ."

ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

"ನಿಮಗೆ ನನ್ನನ್ನು ಕ್ಷಮಿಸಲಿಕ್ಕೆ ಆಗ್ತದಾ?"

"ಇವತ್ತು ಆಗುವುದಿಲ್ಲ. ಸುಳ್ಳು ಹೇಳುವುದಿಲ್ಲ." ಅವನು ಕೇಳಿದ, "ನಿನಗೆ?"

"ನನಗೂ ಇವತ್ತು ಆಗುವುದಿಲ್ಲ."

"ಹಾಗಾದರೆ ಮದುವೆ?"

"ತಕರಾರು ಹೇಳಿದ್ದು ನಾನು. ಹಿಂದೆ ತೆಗೆದುಕೊಳ್ಳುವುದೂ ನಾನೇ." ಅವಳು ಮೂಗು ಎಳೆದುಕೊಂಡಳು. "ಫಾದರ್ ಬೈತಾರೆ."

"ಬೈಯಲಿ. ಒಟ್ಟಿಗೆ ಹೋಗುವ."

ರೆಫರಿ ಸೀಟಿ ಊದಿದ. ಉಳಿದರ್ಧ ಆಟ ಶುರುವಾಯಿತು. "ಅಲೆಕ್ಸಾಂಡರ್, ಇಲ್ಲಿ ಬನ್ನಿ ಮಾರಾಯ್ರೆ, ಏನಾದರೂ ಹೇಳಿ ಕೊಡಿ!" ಎಂದು ಚೆನ್ನಪ್ಪ ಗಂಟಲು ಹರಿದುಕೊಳ್ಳುತ್ತಿದ್ದ. ಅವನು ಏಳಲಿಲ್ಲ.

ಝೀಟಾ ಅವನ ಚಾಚಿದ ಕಾಲನ್ನು ನೋಡಿದಳು. ಈ ಊರಿನಲ್ಲಿ ಇಷ್ಟು ದಿನ ಅದಕ್ಕೆ ನಕ್ಕವರಿದ್ದರು, ಅಯ್ಯೋ ಎಂದವರಿದ್ದರು. ಕೇಳಿದವರು ಒಬ್ಬರೂ ಇರಲಿಲ್ಲ. ಅವಳೂ ಕೇಳಿರಲಿಲ್ಲ.

"ನೋವುಂಟಾ?" ಎಂದಳು ಮೆಲ್ಲಗೆ.

ಒಂದು ವರ್ಷದಲ್ಲಿ ಮೊದಲ ಸಲ ಅವನು ಇನ್ನೊಬ್ಬರೆದುರು ಅತ್ತ.

"ಉಂಟು... ತುಂಬಾ ಉಂಟು."

"ನನ್ನ ಮೇಲೆ ಭಾರ ಹಾಕಿ ಕೂತುಕೊಳ್ಳಿ."