ಇಪ್ಪತ್ತೊಂದರ ಹನ್ನೆರಡು ಬಾಟಲಿ

ಬೋಜಪ್ಪ ಆ ವೈನಿಗೆ ಸೋಡಾ ಬೆರೆಸಿದ ಗಳಿಗೆಯಲ್ಲೇ ಮೊಣ್ಣಪ್ಪನ ಮನಸ್ಸು ಆ ಮನೆಯ ಕೆಲಸ ಬಿಟ್ಟಿತ್ತು. ಮೈ ಮಾತ್ರ ಕೈಕಟ್ಟಿಕೊಂಡು ಅಲ್ಲೇ ನಿಂತಿತ್ತು.

“ಎಂಥ ಮೊಣ್ಣಪ್ಪ, ಸೀಮೆಎಣ್ಣೆ ವಾಸನೆ ಬರ್ತದಲ್ಲ ಇದು?”

“ಹಳೇ ಬಿಳಿ ವೈನಿಗೆ ಆ ವಾಸನೆ ಬರೋದೇ ಸಾಹುಕಾರ್ರೆ. ಬಂದರೇ ಒಳ್ಳೇದು ಅಂತ ಲೆಕ್ಕ.”

“ಹಾಗಾದ್ರೆ ಲಾಟೀನಿಗೇ ಹಾಕು.”

ನೆಂಟರೆಲ್ಲ ನಕ್ಕರು. ಉಳಿದ ಹನ್ನೆರಡು ಬಾಟಲಿಯನ್ನು ಹುತ್ತರಿ ಹಬ್ಬದ ಊಟಕ್ಕೆ ತೆರೆಯುವುದೆಂದು ಬೋಜಪ್ಪ ಅಲ್ಲೇ ಹೇಳಿಬಿಟ್ಟ.

ಮೂರ್ನಾಡಿನ ಹತ್ತಿರದ ಆ ಎಸ್ಟೇಟನ್ನು ಇಂಗ್ಲಿಷ್ ದೊರೆ ಐವತ್ತೊಂದರಲ್ಲಿ ಮಾರಿ ಊರಿಗೆ ಹೋಗಿದ್ದ. ಕುರ್ಚಿ, ಮೇಜು, ಜಿಂಕೆಯ ಕೊಂಬುಗಳ ಜೊತೆಗೆ ಬಟ್ಲರ್ ಮೊಣ್ಣಪ್ಪನೂ ಹೊಸ ಯಜಮಾನ ಬೋಜಪ್ಪನ ಪಾಲಾದ. ಬಂಗಲೆಯ ಕೆಳಗಿನ ನೆಲಮಾಳಿಗೆಯನ್ನು ಅವನು ಇಪ್ಪತ್ತೆರಡು ವರ್ಷ ನೋಡಿಕೊಂಡಿದ್ದ. ಬೇಸಿಗೆಯಲ್ಲಿ ಒದ್ದೆ ಗೋಣಿ ಕಟ್ಟಿ ತಂಪು ಕಾಯುತ್ತಿದ್ದ. ಬಿರಡೆ ಒಣಗದಂತೆ ಬಾಟಲಿಗಳನ್ನು ಮಲಗಿಸಿಡುತ್ತಿದ್ದ. ಬಿಳಿ ವೈನನ್ನು ಎರಡು ಮೂರು ವರ್ಷದಲ್ಲಿ ಕುಡಿದು ಮುಗಿಸಬೇಕು ಎಂದು ಕ್ಲಬ್ಬಿನ ದೊರೆಗಳೇ ನಂಬಿದ್ದರು. ಹುಳಿಯೂ ಸಿಹಿಯೂ ಎರಡೂ ಗಟ್ಟಿಯಾಗಿದ್ದರೆ ಅದು ಒಬ್ಬ ಮನುಷ್ಯನಷ್ಟು ಕಾಲ ಬಾಳುತ್ತದೆ ಎಂಬುದು ಮೊಣ್ಣಪ್ಪನ ನಾಲಗೆಗೆ ತಾನಾಗಿ ತಿಳಿದ ವಿಷಯ. ಅವನು ಚಮಚದಲ್ಲಿ ರುಚಿ ನೋಡಿ ಹೇಳಿದ್ದನ್ನು ದೊರೆ ಕ್ಲಬ್ಬಿನಲ್ಲಿ ತನ್ನ ಮಾತೆಂದು ಹೇಳಿ ಹೆಸರು ಗಳಿಸುತ್ತಿದ್ದ. ಅದನ್ನಾದರೂ ಸಹಿಸಬಹುದಿತ್ತು. ಹೋಗುವ ದಿನ ಅದೇ ದೊರೆ, ಜರ್ಮನಿಯ ಇಪ್ಪತ್ತೊಂದನೇ ಇಸವಿಯ ಆ ಸಿಹಿ ವೈನನ್ನು ಐವತ್ತೈದರವರೆಗೆ ಮುಟ್ಟಬೇಡ ಎಂದಿದ್ದ. ಇನ್ನು ಬರೀ ಎರಡು ವರ್ಷ. ಸೋಡಾ ಹಾಕುವವನ ಕೈಗೆ ಅದನ್ನು ಕೊಡುವುದೆಂದರೆ ಮೊಣ್ಣಪ್ಪನಿಗೆ ಹೊಟ್ಟೆ ಉರಿಯುತ್ತಿತ್ತು.

ಹಾಗಾಗಿ ಅವನು ಕದಿಯಲು ನಿರ್ಧರಿಸಿದ.

ಯೋಚಿಸಿದಷ್ಟೂ ಕೆಲಸ ಸುಲಭವೆನಿಸಿತು. ದೊರೆ ದಿನವಹಿ ಕುಡಿಯುತ್ತಿದ್ದ ಸಾಧಾರಣ ಜರ್ಮನ್ ವೈನ್ ಇನ್ನೂ ಎರಡು ಪೆಟ್ಟಿಗೆ ಉಳಿದಿತ್ತು. ಅದೇ ಉದ್ದ ಕತ್ತಿನ, ಅದೇ ಕಂದು ಗಾಜಿನ ಬಾಟಲಿ. ಒಳಗಿನ ಬಣ್ಣ ಹೊರಗೆ ಕಾಣದು. ಹಳೆಯ ಬಾಟಲಿಗಳ ಲೇಬಲ್ಲನ್ನು ಕೆಟಲಿನ ಹಬೆಗೆ ಹಿಡಿದು ಬಿಡಿಸಿ ಇವಕ್ಕೆ ಗಂಜಿಯಲ್ಲಿ ಅಂಟಿಸುವುದು. ಕಾಫಿ ಡಿಕಾಕ್ಷನ್ನಿನಿಂದ ಒಂದೆರಡು ಕಲೆ ಮಾಡಿ, ಮೂಲೆಯ ಧೂಳನ್ನು ಕೈಯಾರೆ ಅವುಗಳ ಮೇಲೆ ಉದುರಿಸುವುದು. ಇನ್ನು ನಿಜವಾದ ಬಾಟಲಿಗಳನ್ನು ಎಲ್ಲಿಗೂ ಸಾಗಿಸಬೇಕಿರಲಿಲ್ಲ. ಕೆಳಗಿನ ಹಲಗೆಯ ಮುಂದೆ, ಒಂದು ಕಲ್ಲುಚಪ್ಪಡಿಯ ಅಡಿಯಲ್ಲಿ ಮರಳು ತುಂಬಿದ ಹಳೆಯ ಗುಂಡಿಯೊಂದಿತ್ತು. ಬೋಜಪ್ಪನಿಗೆ ಅದರ ಸುದ್ದಿಯೇ ಗೊತ್ತಿಲ್ಲ. ವೈನ್ ಅದೇ ತಂಪಿನಲ್ಲಿ, ಅದೇ ಕತ್ತಲೆಯಲ್ಲಿ ಮಲಗಿರುತ್ತದೆ. ಹುತ್ತರಿಯ ಸಂಜೆ ಅರವತ್ತು ಜನ ಎದುರೆದುರೇ ಕುಡಿದು ಮುಗಿಸಿದ ಬಾಟಲಿಯನ್ನು ಆಮೇಲೆ ಹುಡುಕುವವರು ಯಾರು?

ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ಹೆಂಡತಿ ತಂಗಮ್ಮನನ್ನು ಕರೆದುಕೊಂಡು ಎಸ್ಟೇಟಿನ ಆಳುಗಳ ಲೈನಿನ ಮನೆ ಬಿಡಬೇಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ವೈನ್ ಆ ಮನುಷ್ಯನ ಗ್ಲಾಸಿಗೆ ಬೀಳುತ್ತದೆ. ಮೊಣ್ಣಪ್ಪ ಹೆದರಿದ್ದು ಇದಕ್ಕೇ.

ಹುತ್ತರಿಯ ಹಿಂದಿನ ದಿನ ಎಲ್ಲರೂ ಕಾಫಿ ಪಿಕಿಂಗಿಗೆ ಹೋಗಿದ್ದಾಗ, ಹಾಡಹಗಲೇ, ಎರಡು ತಾಸಿನಲ್ಲಿ ಕೆಲಸ ಮುಗಿಯಿತು. ಹನ್ನೊಂದು ಬಾಟಲಿ ಮರಳಿಗಿಳಿದವು. ಚಪ್ಪಡಿ ಮುಚ್ಚಿದ ಮೇಲೆ ಅದರ ಮೇಲೇ ಕುಳಿತು ಹನ್ನೆರಡನೆಯದರ ಬಿರಡೆ ತೆಗೆದ. ಸತ್ತ ವೈನಿಗಾಗಿ ಕಳ್ಳನಾಗುವುದು ಮೂರ್ಖತನ, ರುಚಿ ನೋಡಲೇಬೇಕಿತ್ತು. ಸತ್ತಿರಲಿಲ್ಲ. ಒಣಗಿದ ಕಿತ್ತಳೆ ಸಿಪ್ಪೆ, ಹೆಜ್ಜೇನು, ಅದರ ಹಿಂದೆಯೇ ಸೀಮೆಎಣ್ಣೆಯ ಎಳೆ. ಕೊನೆಯಲ್ಲಿ ಹುಳಿ ಬಂದು ಎಲ್ಲವನ್ನೂ ಒಟ್ಟಿಗೆ ಹಿಡಿದು ನಿಲ್ಲಿಸಿತು. ಇದನ್ನು ಹೇಳಿಕೊಳ್ಳಲು ಇಡೀ ಕೊಡಗಿನಲ್ಲಿ ಒಬ್ಬನೂ ಇಲ್ಲವಲ್ಲ ಎಂದು ಅವನಿಗೆ ಅಳುವೇ ಬಂತು. ಉಳಿದದ್ದನ್ನು ಮನೆಗೆ ಒಯ್ದರೆ ತಂಗಮ್ಮ ಕೆಮ್ಮಿನ ಔಷಧಿಯಂತೆ ಒಂದೇ ಗುಟುಕಿಗೆ ನುಂಗಿ, “ಪರವಾಗಿಲ್ಲ” ಎಂದಳು. ಬಂಗಲೆಯಿಂದ ಹೊರಡುವ ಮೊದಲು ಅವನು ಗ್ಲಾಸು ತೊಳೆದಿದ್ದ, ಬಿರಡೆಯನ್ನು ಒಲೆಗೆ ಹಾಕಿದ್ದ, ಚೆಲ್ಲಿದ ಮರಳನ್ನು ಬಟ್ಟೆಯಲ್ಲಿ ಒತ್ತಿ ತೆಗೆದಿದ್ದ.

ಊಟ ಚೆನ್ನಾಗಿಯೇ ಆಯಿತು. ಬೋಜಪ್ಪ ಲೇಬಲ್ ಮೇಲೆ ಬೆರಳಾಡಿಸಿ ಎಲ್ಲರಿಗೂ ಇಸವಿ ತೋರಿಸಿದ. ಮೂಸಿ ನೋಡಿ, ಈ ಸಲ ಸೀಮೆಎಣ್ಣೆ ಇಲ್ಲ, ಪಾಸು ಎಂದ. ಹುಳಿಯಾಯಿತೆಂದು ಸೋಡಾದ ಜೊತೆ ಎರಡು ಚಮಚ ಸಕ್ಕರೆಯನ್ನೂ ಹಾಕಿಸಿಕೊಂಡ. ಪೊನ್ನಂಪೇಟೆಯಿಂದ ಬಂದಿದ್ದ ಬೀಗರೊಬ್ಬರು ಹಳೆಯದರ ಗತ್ತೇ ಬೇರೆ ಎಂದು ತಲೆದೂಗಿದರು. ಮೊಣ್ಣಪ್ಪ ಬಾಗಿ ಬಡಿಸಿದ. ತನ್ನ ಜಾಣತನ ಕಂಡು ಮೆಚ್ಚುವವರೂ ಯಾರೂ ಇಲ್ಲ ಎಂಬುದೊಂದೇ ಅವನಿಗಿದ್ದ ಬೇಸರ.

ಮರುದಿನ ಬೆಳಿಗ್ಗೆ ಬೋಜಪ್ಪ ನೆಲಮಾಳಿಗೆಗೆ ಇಳಿದು ಬಂದ. ಖಾಲಿಯಾದ ಜಾಗದಲ್ಲಿ ಕರಿಮೆಣಸಿನ ಮೂಟೆ ಇಡಬಹುದೇ ಎಂದು ನೋಡಬೇಕಿತ್ತಂತೆ. ವೈನ್ ತಿಳಿಯದಿದ್ದರೂ ಮೆಣಸು ಅವನಿಗೆ ಚೆನ್ನಾಗಿ ತಿಳಿದಿತ್ತು. ತೇವ ಉಂಟೋ, ಹುಳ ಉಂಟೋ ಎಂದು ಟಾರ್ಚ್ ಹಿಡಿದು ನೆಲವನ್ನು ಮೊಳ ಮೊಳ ನೋಡುತ್ತ ಬಂದವನು ಚಪ್ಪಡಿಯ ಹತ್ತಿರ ಕುಕ್ಕರುಗಾಲಲ್ಲಿ ಕುಳಿತ.

“ಇಲ್ಲಿ ಇರುವೆ ಮುತ್ತಿದೆಯಲ್ಲ ಮೊಣ್ಣಪ್ಪ.”

“ನಿನ್ನೆ ಬಾಟಲಿ ಎತ್ತುವಾಗ ತುಳುಕಿರಬೇಕು ಸಾಹುಕಾರ್ರೆ.”

“ಬಿರಡೆ ತೆಗೀದೆ ತುಳುಕ್ತದಾ? ನಿನ್ನೆಯದ್ದು ಹುಳಿ ಬೇರೆ. ಇದು ಸಿಹಿ. ನನ್ನ ನಾಲಗೆಗೆ ಗೊತ್ತಾಗಲ್ಲ ಮಾರಾಯ, ಇರುವೆಗೆ ಗೊತ್ತಾಗ್ತದೆ.”

ಟಾರ್ಚಿನ ಬೆಳಕಿನಲ್ಲಿ ಮೊಣ್ಣಪ್ಪನೂ ನೋಡಿದ. ಒಂದರ ಪಕ್ಕ ಒಂದರಂತೆ ಮೂರು ಅಂಟು ಚುಕ್ಕೆಗಳು, ಮೂರಕ್ಕೂ ಕೆಂಪಿರುವೆಯ ಮುತ್ತಿಗೆ. ಮೊನ್ನೆ ಗ್ಲಾಸನ್ನು ತುಟಿಗಿಡುವ ಮೊದಲು ಅವನು ಉಂಗುರದ ಬೆರಳು ಅದ್ದಿ, ಗತಿಸಿದ ಗುರುಕಾರಣರಿಗೆಂದು ಮೂರು ಹನಿ ನೆಲಕ್ಕೆ ಚಿಮುಕಿಸಿದ್ದ. ಅಪ್ಪ ಚಿಮುಕಿಸುತ್ತಿದ್ದ, ಅಜ್ಜ ಚಿಮುಕಿಸುತ್ತಿದ್ದ. ಹಿರಿಯರಿಗೆ ಕೊಡದೆ ಒಂದು ಗುಟುಕೂ ಗಂಟಲಿಗಿಳಿಸದ ಮನೆತನ ಅವನದು. ಉಸಿರಾಡಿದ್ದನ್ನು ಯಾರೂ ನೆನಪಿಡುವುದಿಲ್ಲ. ಒರೆಸಬೇಕಾದವುಗಳ ಪಟ್ಟಿಯಲ್ಲಿ ಆ ಮೂರು ಹನಿ ಬಂದೇ ಇರಲಿಲ್ಲ. ಆ ದೊರೆಯಾಗಿದ್ದರೆ ನೂರು ವರ್ಷ ದಿಟ್ಟಿಸಿದರೂ ಅದೇನೆಂದು ತಿಳಿಯುತ್ತಿರಲಿಲ್ಲ. ಬೋಜಪ್ಪ ಅದೇ ಮಣ್ಣಿನವನು, ನಿನ್ನೆ ತಾನೂ ಅರವತ್ತು ಜನರೆದುರು ಹಾಗೆಯೇ ಮೂರು ಹನಿ ಚಿಮುಕಿಸಿ ಕುಡಿದವನು. “ಹಿರಿಯರಿಗೆ ಕೊಟ್ಟೇ ಕುಡಿದಿದ್ದೀಯ, ಅದೊಂದು ಒಳ್ಳೇದು ಮಾಡಿದಿ,” ಎಂದು, ಕಾಲ ಕೆಳಗೆ ಅಲುಗಿದ ಚಪ್ಪಡಿಯ ಅಂಚಿಗೆ ಬೆರಳು ಹಾಕಿದ.