ತಾವರೆಯ ದಂಟಿನ ಸಾಕ್ಷ್ಯ

ಹೊಳೆದಂಡೆಯ ಸಿಂಹಾವತಿಯಲ್ಲಿ ಅಂದು ಅಂಗಡಿಬೀದಿ ತೆರೆಯಲಿಲ್ಲ. ಆನೆಬಾಗಿಲಿನಿಂದ ಅರಮನೆಯವರೆಗೆ ವಿಧವೆಯರು ಸಾಲುಗಟ್ಟಿ, ತಮ್ಮ ಗಂಡಂದಿರನ್ನು ನೆರೆಗೆ ಬಲಿಕೊಟ್ಟ ದಂಡನಾಯಕ ಮಾಚಿರಾಜನ ತಲೆ ಉರುಳುವುದನ್ನು ಕಾಣಲು ನಿಂತಿದ್ದರು.

ತರ್ಕಪಂಡಿತ ಈಶಾನಭಟ್ಟ ಸಭೆಯನ್ನು ಪ್ರವೇಶಿಸುವಾಗ ಮಹಾಪ್ರಧಾನ ಬಾಚಣಾರ್ಯ ಬಳಿ ಸರಿದು, "ಪಂಡಿತರೇ, ವೀರಸಮುದ್ರದ ಕೆರೆ ಕಾಯುವ ನಿಮ್ಮ ಮಗ ಕ್ಷೇಮವಷ್ಟೆ?" ಎಂದು ನಕ್ಕ. ಬೆಳಗ್ಗೆ ಹೊಳೆಯ ಮೇಲ್ಗಡೆಯ ಆ ಕೆರೆಯನ್ನು ಪಂಡಿತ ಕಣ್ಣಾರೆ ನೋಡಿ ಬಂದಿದ್ದ.

ಪ್ರಧಾನ ವಾದ ಹೂಡಿದ. "ಪ್ರಭೂ, ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯನ್ನು ಊಹಿಸುತ್ತೇವೆ. ಹೊಳೆ ಉಕ್ಕಿದೆ, ಆದ್ದರಿಂದ ಮಲೆಯಲ್ಲಿ ಮಳೆ ಸುರಿದಿದೆ. ಮೋಡ ಕಂಡೂ ಸೈನ್ಯವನ್ನು ನೀರಿಗಿಳಿಸಿದವನು ದ್ರೋಹಿಯಲ್ಲವೇ? ಪಂಡಿತರೇ ಹೇಳಲಿ."

ಸಂಕೋಲೆಯಲ್ಲಿದ್ದ ಮಾಚಿರಾಜ ಪಂಡಿತನನ್ನು ತಿರಸ್ಕಾರದಿಂದ ದಿಟ್ಟಿಸಿದ. ಹಿಂದೊಮ್ಮೆ ಇದೇ ಸಭೆಯಲ್ಲಿ ಅವನು, "ಒಂದಗುಳು ಹಿಚುಕಿ ಮಡಕೆಯ ಅನ್ನವೆಲ್ಲ ಬೆಂದಿತೆನ್ನುವುದಷ್ಟೇ ಈತನ ವಿದ್ಯೆ" ಎಂದು ಹಂಗಿಸಿದ್ದ. ಆ ಉರಿ ಪಂಡಿತನಲ್ಲಿ ಇನ್ನೂ ಆರಿರಲಿಲ್ಲ. ಈಗ ಹೌದೆಂದರೆ ವೈರಿಯೂ ಸಾಯುತ್ತಾನೆ, ಮಗನೂ ಉಳಿಯುತ್ತಾನೆ.

"ಮಳೆ ಬಂದರೆ ಹೊಳೆ ಉಕ್ಕುವುದು ನಿಜ, ಪ್ರಭೂ," ಎಂದ ಪಂಡಿತ. "ಆದರೆ ಅಂಗಳ ಒದ್ದೆಯಾದುದನ್ನೇ ಕಂಡು ಮಳೆಯೆನ್ನುವವನು, ಮನೆಯಾಕೆ ನೀರು ಚಿಮುಕಿಸಿದ್ದನ್ನು ಮರೆತಿರುತ್ತಾನೆ. ಮಲೆಯ ನೀರಾಗಿದ್ದರೆ ಕೆಂಪು ಮಣ್ಣನ್ನು ತರುತ್ತಿತ್ತು. ದಡಕ್ಕೆ ಬಂದ ಹೆಣಗಳನ್ನು ಸುತ್ತಿದ್ದುದು ತಾವರೆಯ ದಂಟು. ಹರಿಯುವ ಹೊಳೆಯಲ್ಲಿ ತಾವರೆ ಬೆಳೆಯದು. ಅದು ವೀರಸಮುದ್ರದ ನೀರು."

"ಏರಿ ತಾನಾಗಿ ಒಡೆದಿರಬಹುದು," ಎಂದ ಪ್ರಧಾನ, ನಗು ಮಾಸಿ.

"ಏರಿ ಒಡೆದಿಲ್ಲ. ತೂಬಿನ ಬೀಗವೂ ಮುರಿದಿಲ್ಲ. ಇವೆರಡೂ ಅಲ್ಲವೆಂದಮೇಲೆ ಉಳಿಯುವುದು ಒಂದೇ. ಕೀಲಿಕೈ ಇದ್ದವನೇ ತೂಬು ತೆರೆದಿದ್ದಾನೆ."

"ಯಾರವನು?" ಎಂದ ಮಹಾರಾಜ.

"ನನ್ನ ಮಗ ನಾಗದೇವ. ಅವನಿಗೆ ಅಪ್ಪಣೆ ಕೊಟ್ಟವರು ಯಾರೆಂದು ತರ್ಕ ಹೇಳಲಾರದು. ಅವನೇ ಹೇಳುತ್ತಾನೆ, ಕರೆಸಿರಿ."

ಬಾಚಣಾರ್ಯ ಬಾಗಿಲತ್ತ ಹೆಜ್ಜೆಯಿಟ್ಟ. ಕಾವಲುಗಾರರು ಈಟಿಗಳನ್ನು ಅಡ್ಡ ಹಿಡಿದರು.

ಮಹಾರಾಜನ ಸನ್ನೆಯಂತೆ ಸಂಕೋಲೆ ಕಳಚಿಸಿಕೊಂಡ ಮಾಚಿರಾಜ ಪಂಡಿತನೆದುರು ಬಂದು ನಿಂತ. "ನಾನು ನಿಮ್ಮನ್ನು ಅವಮಾನಿಸಿದ್ದೆ, ಪಂಡಿತರೇ."

"ಮರೆತಿಲ್ಲ. ನಿಮ್ಮನ್ನು ಕಂಡರೆ ನನಗೆ ಈಗಲೂ ಆಗದು."

ಮಹಾರಾಜನ ದನಿ ಮೆತ್ತಗಾಯಿತು. "ದಂಡನಾಯಕರಿಗಾಗಿ ಹುಡುಕಿದಿರಲ್ಲ, ಮಗನಿಗಾಗಿಯೂ ಬೇರೊಂದು ಕಾರಣವನ್ನು ಹುಡುಕಿ ನೋಡಿರಿ."

"ಬೆಳಗಿನಿಂದ ಅದನ್ನೇ ಹುಡುಕುತ್ತಿದ್ದೇನೆ, ಪ್ರಭೂ," ಎಂದು ಈಶಾನಭಟ್ಟ ಕುಳಿತುಕೊಳ್ಳಲು ಅಪ್ಪಣೆ ಬೇಡಿದ.